ಚೀಲದ ಮಣ್ಣು, ಕಾರವಾರದ ಮಳೆ: ಕುಂಡದ ಗಿಡ ಹಳದಿಯಾಗುವುದೇಕೆ?

ಪ್ರಶ್ನೆ: "ನಮಸ್ಕಾರ ಸರ್. ನಮ್ಮದು ಕಾರವಾರದ ಕೋಡಿಬಾಗದಲ್ಲಿ ಮಹಡಿ ಮನೆ. ಟೆರೇಸಿನ ಮೇಲೆ ಗಿಡ ಬೆಳೆಸೋಣ ಅಂತ ಏಪ್ರಿಲ್‌ನಲ್ಲಿ 10 ಕಿಲೋದ ಆರು ಚೀಲ ರೆಡಿ ಪಾಟಿಂಗ್ ಮಿಕ್ಸ್ ತರಿಸಿದೆ. ಚೀಲದ ಮೇಲೆ ಕೆಂಪುಮಣ್ಣು, ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಎರೆಗೊಬ್ಬರ, ಬೇವಿನ ಹಿಂಡಿ ಅಂತ ಬರೆದಿದೆ. 12 ಇಂಚಿನ ಐದು ಪ್ಲಾಸ್ಟಿಕ್ ಕುಂಡ ತುಂಬಿಸಿ ಎರಡು ಮಲ್ಲಿಗೆ, ಒಂದು ದಾಸವಾಳ, ಒಂದು ಕರಿಬೇವು, ಒಂದು ಮೆಣಸಿನ ಗಿಡ ಹಾಕಿದೆ. ಮೇ ಕೊನೆಯವರೆಗೂ ಚೆನ್ನಾಗಿದ್ದವು. ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಎಲೆ ಹಳದಿಯಾಗಿ ಉದುರಲು ಶುರುವಾಯಿತು. ಕರಿಬೇವು ಈಗ ಬರೀ ಕಡ್ಡಿ. ಮಣ್ಣು ಕೆಸರಿನ ಹಾಗೆ ಕೂತಿದೆ, ವಾಸನೆ ಬರುತ್ತದೆ, ಮುಟ್ಟಿದರೆ ಸಣ್ಣ ಕರಿ ನೊಣ ಏಳುತ್ತವೆ. ಕುಂಡದ ತಳಕ್ಕೆ ಜಲ್ಲಿ ಹಾಕಬೇಕಿತ್ತು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಸಮುದ್ರದ ಮರಳು ತಂದು ಬೆರೆಸೋಣ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಶಿರಸಿಯಲ್ಲಿರುವ ಅಕ್ಕ, ಕೊಂಡ ಮಣ್ಣು ಎಸೆ, ನಮ್ಮ ತೋಟದ ಮಣ್ಣನ್ನೇ ಕಳಿಸುತ್ತೇನೆ ಅನ್ನುತ್ತಾಳೆ. ಕರಿಬೇವಿಗೆ ಮಜ್ಜಿಗೆ ಹಾಕಿ ನೋಡಿದೆ, ಏನೂ ಆಗಲಿಲ್ಲ. ಯಾವ ಕಂಪನಿಯದು ಕೊಳ್ಳಬೇಕಿತ್ತು? ಈ ಗಿಡಗಳು ಉಳಿಯುತ್ತವೆಯೇ? ಅರ್ಧ ಚೀಲ ಹಾಗೇ ಉಳಿದಿದೆ, ಅದನ್ನೇನು ಮಾಡಲಿ?"

ಉತ್ತರ: ಕೇಳಿರುವುದು ಹಲವು ಪ್ರಶ್ನೆ, ಆದರೆ ಆತಂಕ ಒಂದೇ: ದುಡ್ಡು ಕೊಟ್ಟು ತಂದ ಮಣ್ಣೇ ಗಿಡ ಕೊಂದಿತೇ? ನೀವು ಬರೆದದ್ದನ್ನು ನೋಡಿದರೆ ನಿಮಗೆ ಸಿಕ್ಕಿದ್ದು ಕಳಪೆ ಮಾಲು ಎಂದು ನನಗನಿಸುವುದಿಲ್ಲ. ಗಿಡ ಏಪ್ರಿಲ್, ಮೇ ಎರಡು ತಿಂಗಳು ಚೆನ್ನಾಗಿ ಬಂದಿದೆ. ಗೊಬ್ಬರ ಹಸಿಯಿದ್ದರೆ, ಉಪ್ಪು ಹೆಚ್ಚಿದ್ದರೆ ಮೊದಲ ಹದಿನೈದು ದಿನದಲ್ಲೇ ಎಲೆಯಂಚು ಸುಟ್ಟು ತೋರಿಸುತ್ತಿತ್ತು. ತೊಂದರೆ ಬಂದದ್ದು ಮಳೆಯ ಜೊತೆಗೆ. ಈ ಚೀಲದ ಮಣ್ಣನ್ನು ಹದ ಮಾಡಿರುವುದೇ ನೀರು ಹಿಡಿದಿಡುವುದಕ್ಕೆ. ಬೆಂಗಳೂರಿನಂಥ ಊರಲ್ಲಿ ವರ್ಷವಿಡೀ ಬೀಳುವ ಮಳೆ 1000 ಮಿ.ಮೀ. ಆಸುಪಾಸು. ಅಲ್ಲಿನ ಬಾಲ್ಕನಿಯಲ್ಲಿ ಎರಡು ದಿನ ನೀರು ಹಾಕದಿದ್ದರೂ ಗಿಡ ಬಾಡಬಾರದು, ಆ ಲೆಕ್ಕದಲ್ಲಿ ಇಂಥ ಮಿಶ್ರಣ ತಯಾರಾಗುತ್ತದೆ. ಕಾರವಾರದಲ್ಲಿ ಅದರ ಮೂರು ಪಟ್ಟು ಮಳೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ.

ಒಂದು ಲೆಕ್ಕ ಮಾಡಿ. 12 ಇಂಚಿನ ಕುಂಡದ ಬಾಯಿ ಸುಮಾರು 700 ಚದರ ಸೆಂಟಿಮೀಟರ್. ಜುಲೈಯಲ್ಲಿ 100 ಮಿ.ಮೀ. ಮಳೆ ಸುರಿದ ದಿನ ಆ ಒಂದು ಕುಂಡಕ್ಕೆ ಬೀಳುವುದು 7 ಲೀಟರ್ ನೀರು. ಇಡೀ ಮಳೆಗಾಲಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 200 ಲೀಟರ್, ಅಂದರೆ ತುಂಬಿದ ಒಂದು ಡ್ರಮ್ಮು. ಕುಂಡದಲ್ಲಿರುವ ಮಣ್ಣೇ 16 ಲೀಟರ್. ಇಷ್ಟು ನೀರು ಹಾದುಹೋಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಗೆ ಹೋಗುತ್ತದೆ, ಕರಗುವ ಸಾರಜನಕ ತೊಳೆದುಹೋಗುತ್ತದೆ. ಎರಡರಿಂದಲೂ ಎಲೆ ಹಳದಿಯಾಗುತ್ತದೆ. ಆದರೆ ಮದ್ದು ಬೇರೆ ಬೇರೆ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ಸೋತ ಬೇರಿಗೆ ಪಿಥಿಯಂ, ಫೈಟಾಪ್ತೊರಾ ಎಂಬ ಶಿಲೀಂಧ್ರದಂಥ ಜೀವಿಗಳು ಹತ್ತುತ್ತವೆ. ಫೈಟಾಪ್ತೊರಾ ನಮ್ಮವರಿಗೆ ಹೊಸದೇನಲ್ಲ, ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲ. ಅದರ ಬೀಜಾಣು ಈಜುತ್ತದೆ, ಈಜಲು ನೀರಿನ ತೆಳು ಪದರ ಸಾಕು.

ಈಗ ಜಲ್ಲಿಯ ವಿಚಾರ. ಕುಂಡದ ತಳಕ್ಕೆ ಜಲ್ಲಿ, ಓಡಿನ ಚೂರು ಹಾಸುವುದು ಎಷ್ಟು ಹಳೆಯ ರೂಢಿಯೆಂದರೆ, ಬೇಡ ಅಂದರೆ ಜನ ನಂಬುವುದಿಲ್ಲ. ಪಾತ್ರೆ ತೊಳೆಯುವ ಹೊಸ ಸ್ಪಂಜ್ ಒಂದನ್ನು ನೀರಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಅಡ್ಡ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡಬೇಡಿ, ಹಾಗೇ ಅದನ್ನು ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ನಿಂತಿದ್ದ ನೀರು ಮತ್ತೆ ಸುರಿಯುತ್ತದೆ. ಸ್ಪಂಜ್ ಅದೇ, ನೀರೂ ಅದೇ, ಎತ್ತರ ಮಾತ್ರ ಹೆಚ್ಚಾಯಿತು. ಕುಂಡದ ಮಣ್ಣೂ ಹೀಗೆಯೇ. ನೀರು ಬಸಿದು ನಿಂತ ಮೇಲೂ ತಳದಲ್ಲಿ ಒಂದಷ್ಟು ಎತ್ತರಕ್ಕೆ ಪೂರ್ತಿ ನೆನೆದ ಪದರ ಉಳಿದೇ ಉಳಿಯುತ್ತದೆ. ಆ ಪದರ ಎಷ್ಟು ದಪ್ಪ ಎನ್ನುವುದು ಮಣ್ಣಿನ ಕಣದ ಗಾತ್ರಕ್ಕೆ ಬಿಟ್ಟದ್ದು: ಕಣ ನುಣುಪಾದಷ್ಟೂ ಪದರ ದಪ್ಪ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ಆ ಪದರ ಜಲ್ಲಿಯೊಳಗೆ ಇಳಿಯುವುದಿಲ್ಲ. ನುಣುಪು ಮಣ್ಣು ನೀರನ್ನು ಹಿಡಿದುಕೊಂಡು ಜಲ್ಲಿಯ ಮೇಲೇ ಕೂರುತ್ತದೆ. ಬೇರಿಗೆ ಉಳಿಯುವ ಒಣ ಜಾಗವೇ ಎರಡು ಇಂಚು ಕಡಿಮೆ. ನೀವು ಜಲ್ಲಿ ಹಾಕದೆ ಇದ್ದದ್ದು ಒಳ್ಳೆಯದೇ ಆಯಿತು. ತೂತು ಮಣ್ಣಿನಿಂದ ಮುಚ್ಚದ ಹಾಗೆ ಸೊಳ್ಳೆಪರದೆಯ ತುಂಡೋ ಒಂದು ಹಿಡಿ ತೆಂಗಿನ ನಾರೋ ಇಟ್ಟರೆ ತಳಕ್ಕೆ ಅಷ್ಟೇ ಸಾಕು. ಚೂರುಗಳ ಉಪಯೋಗ ಖಂಡಿತ ಇದೆ, ಆದರೆ ಅವು ತಳದಲ್ಲಿ ಹಾಸಾಗಿ ಇರಬಾರದು, ಮಣ್ಣಿನ ತುಂಬ ಬೆರೆತಿರಬೇಕು.

ಸಮುದ್ರದ ಮರಳಿನ ಬಗ್ಗೆ ಎಲ್ಲರೂ ಹೆದರುವುದು ಉಪ್ಪಿಗೆ. ಉಪ್ಪು ನಿಜವೇ, ಆದರೆ ಒಂದು ಮಳೆಗಾಲ ಅಂಗಳದಲ್ಲಿ ಬಿಟ್ಟರೆ ತೊಳೆದುಹೋಗುತ್ತದೆ. ತೊಳೆದರೂ ಹೋಗದ ದೋಷ ಎರಡಿವೆ. ನಮ್ಮ ತೀರದ ಮರಳಿನ ಕಣ ಬಹಳ ಸಣ್ಣ. ಕೋಕೋಪೀಟಿನ ದೊಡ್ಡ ಸಂದುಗಳಿಗೆ ಅದು ಹೋಗಿ ಕೂತು, ಇದ್ದಬದ್ದ ಗಾಳಿಯ ಜಾಗವನ್ನೂ ತುಂಬಿಬಿಡುತ್ತದೆ. ಮರಳು ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬ ಮಾತು ದಪ್ಪ ಮರಳಿಗೆ, ಅದೂ ಹೆಚ್ಚು ಪ್ರಮಾಣದಲ್ಲಿ ಹಾಕಿದಾಗ ಮಾತ್ರ ಸರಿ. ಎರಡನೆಯದು ಅದರಲ್ಲಿರುವ ಚಿಪ್ಪಿನ ಪುಡಿ. ಅದು ಸುಣ್ಣ. ಪ್ರಮಾಣ ಗೊತ್ತಿಲ್ಲದೆ ಬೆರೆಸಿದರೆ ಕರಿಬೇವು, ದಾಸವಾಳಕ್ಕೆ ಕಬ್ಬಿಣದ ಅಂಶ ಸಿಗದೆ ಚಿಗುರು ಬಿಳಚುತ್ತದೆ. ಕಡಲತೀರದ ಮರಳು ತೆಗೆಯುವುದಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧವೂ ಇದೆ. ಕ್ರಷರಿನ ಎಂ-ಸ್ಯಾಂಡ್ ಸಿಕ್ಕರೂ ಹಾಗೇ ಹಾಕಬೇಡಿ, ಅದರ ಕಲ್ಲುಪುಡಿ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ.

ಮೊದಲು ನೋಡಬೇಕಾದದ್ದು ಬೇರು. ಮಳೆ ಹೊಳವಾದಾಗ ಕುಂಡವನ್ನು ಅಡ್ಡ ಮಲಗಿಸಿ, ಬದಿ ತಟ್ಟಿ, ಮಣ್ಣುಗಡ್ಡೆಯನ್ನು ಅರ್ಧ ಹೊರಗೆಳೆದು ತಳದ ಬೇರು ಪರೀಕ್ಷಿಸಿ. ಬೇರು ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಗಟ್ಟಿಯಿದ್ದು, ಹಳೆ ಎಲೆ ಮಾತ್ರ ಒಂದೇ ಸಮ ಹಳದಿಯಾಗಿದ್ದರೆ ಅದು ಸಾರಜನಕ ತೊಳೆದುಹೋದ ಲಕ್ಷಣ. ಗಿಡಕ್ಕೆ ಹಸಿವು ಅಷ್ಟೇ. ಬೇರು ಕಂದಾಗಿದ್ದು, ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ನಡುವೆ ದಾರದಂಥ ಎಳೆ ಉಳಿದರೆ ಅದು ಕೊಳೆ. ಮಣ್ಣು ಒದ್ದೆಯಿದ್ದೂ ಎಲೆ ಬಾಡಿ ಜೋತುಬಿದ್ದಿದ್ದರೆ ಬೇರು ನೋಡದೆಯೂ ಕೊಳೆ ಎಂದೇ ತಿಳಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಮಣ್ಣಿನಲ್ಲಿ ಆಮ್ಲಜನಕ ಮುಗಿದು ಬಹಳ ದಿನ ಆಗಿದೆ. ನಿಮ್ಮ ಐದೂ ಕುಂಡದ ಸ್ಥಿತಿ ಒಂದೇ ಇರಲಾರದು. ಮಲ್ಲಿಗೆ, ದಾಸವಾಳದ್ದು ಹಸಿವಿರಬಹುದು. ಕರಿಬೇವಿನದು ಬೇರಿನ ಸಮಸ್ಯೆಯೇ ಇರಬೇಕು, ಒದ್ದೆ ಕಾಲು ಅದಕ್ಕೆ ಆಗಿಬರುವುದಿಲ್ಲ.

ಈ ಮಳೆಯಲ್ಲಿ ಮಣ್ಣು ಬದಲಿಸುವ ಕೆಲಸಕ್ಕೆ ಕೈಹಾಕಬೇಡಿ. ಸೋತ ಬೇರನ್ನು ಅಲುಗಾಡಿಸಿದರೆ ಹೊಸ ಬೇರು ಬರುವ ಮೊದಲೇ ಗಿಡ ಹೋಗುತ್ತದೆ. ಬೇರು ಬಹುಪಾಲು ಕೊಳೆತಿರುವ ಗಿಡಕ್ಕೆ ಮಾತ್ರ ಇದಕ್ಕೆ ವಿನಾಯಿತಿ, ಅದರ ಮಾತು ಮುಂದೆ ಬರುತ್ತದೆ. ಉಳಿದವಕ್ಕೆ ನೀರು ಇಳಿಸುವುದೇ ಚಿಕಿತ್ಸೆ. ಕುಂಡದಡಿಯ ತಟ್ಟೆ ತೆಗೆಯಿರಿ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ, ತೂತು ಗಾಳಿಗೆ ತೆರೆದಿರುವಂತೆ ಎತ್ತಿಡಿ. ಟೆರೇಸಿನ ನೆಲಕ್ಕೆ ತಳ ಅಂಟಿಕೊಂಡ ಪ್ಲಾಸ್ಟಿಕ್ ಕುಂಡದಲ್ಲಿ ತೂತಿದ್ದೂ ಇಲ್ಲದ ಹಾಗೆ. ಹಳೆಯ ಹತ್ತಿ ಪಂಚೆಯಿಂದ ಬೆರಳು ದಪ್ಪದ ಬತ್ತಿ ಹೊಸೆದು, ಕಡ್ಡಿಯಿಂದ ತೂತಿನೊಳಕ್ಕೆ ಮೂರು ಇಂಚು ತೂರಿಸಿ, ಹೊರಗೆ ನಾಲ್ಕು ಇಂಚು ಜೋತುಬಿಡಿ. ತಳದ ಪದರದಲ್ಲಿ ನಿಂತ ನೀರು ಬತ್ತಿ ಹಿಡಿದು ಇಳಿಯುತ್ತದೆ. ಸ್ಪಂಜನ್ನು ಉದ್ದ ಮಾಡಿದ ಪರಿಣಾಮವೇ ಇದು. ನೈಲಾನ್ ಹಗ್ಗದಿಂದ ಈ ಕೆಲಸ ಆಗದು, ಅದು ನೀರು ಹೀರುವುದಿಲ್ಲ. ಬತ್ತಿ ಹಾಕಲಾಗದ ಕುಂಡವನ್ನು ದಿನಕ್ಕೆ ಒಂದು ಗಂಟೆ ಓರೆಯಾಗಿ, ತೂತು ತಗ್ಗಿಗೆ ಬರುವಂತೆ ಒರಗಿಸಿಡಿ. ಎಷ್ಟು ನೀರು ಸುರಿಯುತ್ತದೆ ನೋಡಿ.

ಮಳೆ ತಪ್ಪಿಸುವುದು ಇನ್ನೂ ಮುಖ್ಯ. ಮಾಡಿನ ಒಳಗೆ, ಗಾಳಿ ಬೆಳಕು ಬರುವಲ್ಲಿ ಇಡಿ. ಸೂರಿನ ನೀರು ಧಾರೆಯಾಗಿ ಬೀಳುವ ಸಾಲಿನಲ್ಲಿ ಮಾತ್ರ ಇಡಬಾರದು, ಬಯಲ ಮಳೆಗಿಂತ ಅದು ಕೆಟ್ಟದ್ದು. ಜಾಗವಿಲ್ಲದಿದ್ದರೆ ಹಳೆಯ ಮನೆಗಳಲ್ಲಿ ಮಳೆಯ ಇರಿಚಲಿಗೆ ತಟ್ಟಿ ಕಟ್ಟುತ್ತಿದ್ದ ಹಾಗೆ, ಪಾರದರ್ಶಕ ಶೀಟನ್ನು ಗಿಡಕ್ಕಿಂತ ಎರಡು ಅಡಿ ಮೇಲೆ ಓರೆಯಾಗಿ ಕಟ್ಟಿ. ಸುತ್ತ ಮುಚ್ಚಬೇಡಿ, ಗಾಳಿಯಾಡದಿದ್ದರೆ ಎಲೆಗೂ ಬೂಷ್ಟು ಹತ್ತುತ್ತದೆ.

ಹಸಿವಿನಿಂದ ಹಳದಿಯಾದ ಗಿಡಕ್ಕೆ ಮಣ್ಣಿಗೆ ಗೊಬ್ಬರ ಸುರಿದು ಪ್ರಯೋಜನವಿಲ್ಲ, ನಾಳೆಯ ಮಳೆಗೆ ಹೋಗುತ್ತದೆ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ) ಕರಗುವ ಗೊಬ್ಬರ ಒಂದು ಲೀಟರ್ ನೀರಿಗೆ 2 ಗ್ರಾಂ ಹಾಕಿ, ಹೊಳವು ಇರುವ ಬೆಳಿಗ್ಗೆ ಎಲೆಯ ಎರಡೂ ಮೈಗೆ ಸಿಂಪಡಿಸಿ, ಹದಿನೈದು ದಿನಕ್ಕೊಮ್ಮೆ. ಬೇರು ಕೊಳೆತ ಗಿಡಕ್ಕೆ ಇದನ್ನೂ ಕೊಡಬೇಡಿ, ಹೀರಿ ದಕ್ಕಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ.

ಮಜ್ಜಿಗೆಯ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಅಂಗಳದಲ್ಲಿ ನೆಲಕ್ಕಿಟ್ಟ ಕರಿಬೇವಿಗೆ ಬೇಸಿಗೆಯಲ್ಲಿ ಹುಳಿಮಜ್ಜಿಗೆ ಹೊಯ್ದರೆ ನಷ್ಟವಿಲ್ಲ. ಒದ್ದೆ ಕುಂಡಕ್ಕೆ ಹೊಯ್ದರೆ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಉಳಿದಿದ್ದ ಆಮ್ಲಜನಕವನ್ನೂ ತಿಂದುಹಾಕುತ್ತವೆ. ಮೀನು ತೊಳೆದ ನೀರಿಗೂ ಇದೇ ಮಾತು. ತೆಂಗಿನ ಬುಡಕ್ಕೆ, ಬಸಳೆ ಪಾತಿಗೆ ಅದು ಚೆನ್ನ. ಮಳೆಗಾಲದ ಕುಂಡಕ್ಕೆ ಬೇಡ. ನೀವು ಕಂಡ ಕರಿ ನೊಣಗಳ ಮರಿಹುಳು ಒದ್ದೆ ಮಣ್ಣಿನ ಬೂಷ್ಟು, ಕೊಳೆತ ಪದಾರ್ಥ, ಎಳೆ ಬೇರು ತಿಂದು ಬದುಕುತ್ತದೆ. ಮೇಲಿನ ಅರ್ಧ ಇಂಚು ಮಣ್ಣನ್ನು ಕೆದಕಿ ತೆಗೆದು, ಅಲ್ಲಿ ಅರ್ಧ ಇಂಚು ಹಂಚಿನ ಸಣ್ಣ ಚೂರು ಹರಡಿದರೆ ಮೊಟ್ಟೆಯಿಡಲು ಒದ್ದೆ ಮೈ ಸಿಗದೆ ಎರಡು ಮೂರು ವಾರದಲ್ಲಿ ಕಡಿಮೆಯಾಗುತ್ತವೆ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಕುಂಡಕ್ಕೆ ಹೊಯ್ಯುವ ಆಲೋಚನೆ ಯಾರಾದರೂ ಕೊಟ್ಟರೆ ಕೇಳಬೇಡಿ. ಇಷ್ಟು ಚಿಕ್ಕ ಮಣ್ಣಿನಲ್ಲಿ ತಾಮ್ರ ಶೇಖರವಾಗುತ್ತದೆ, ಕೊಳೆತ ಬೇರು ಮರಳಿ ಬರುವುದಿಲ್ಲ.

ಕರಿಬೇವಿನ ಕಡ್ಡಿಯನ್ನು ಉಗುರಲ್ಲಿ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ. ಬೇರು ಬಹುಪಾಲು ಕೊಳೆತಿರುವ ಗಿಡವೆಂದರೆ ನಿಮ್ಮಲ್ಲಿ ಬಹುಶಃ ಇದೊಂದೇ. ಇದನ್ನು ಮಾತ್ರ ಈಗಲೇ ಕಿತ್ತು, ಕಪ್ಪಾದ ಬೇರನ್ನೆಲ್ಲ ಕತ್ತರಿಸಿ, ಉಳಿದ ಬೇರು ಹಿಡಿಸುವಷ್ಟು ಚಿಕ್ಕ, ಆರು ಇಂಚಿನ ಕುಂಡಕ್ಕೆ ಅರ್ಧ ಹಂಚಿನ ಚೂರು, ಅರ್ಧ ಕೋಕೋಪೀಟ್ ಹಾಕಿ ನೆಟ್ಟು, ಮಳೆ ಬೀಳದ ನೆರಳಲ್ಲಿ ಇಡಿ. ಕಡ್ಡಿಯನ್ನು ಮೂರನೇ ಒಂದು ಭಾಗ ಸವರಿ. ಉಳಿಯುತ್ತದೆ ಎಂದು ಖಾತ್ರಿ ಕೊಡಲಾರೆ. ದೊಡ್ಡ ಕುಂಡದಲ್ಲಿ ಬಿಟ್ಟರೆ ಹೋಗುವುದು ಮಾತ್ರ ಖಾತ್ರಿ.

ಮಣ್ಣು ಹೊಸದಾಗಿ ಹದ ಮಾಡುವ ಕೆಲಸ ಸೆಪ್ಟೆಂಬರ್ ಕೊನೆಗೆ, ಮಳೆ ಕಡಿಮೆಯಾದ ಮೇಲೆ. ನಿಮ್ಮ ಚೀಲದ ಮಣ್ಣಿನಲ್ಲಿ ಪೋಷಕಾಂಶಕ್ಕಿಂತ ಹೆಚ್ಚಾಗಿ ಕೊರತೆಯಿರುವುದು ದಪ್ಪ ಕಣದ್ದು. ನರ್ಸರಿಯವರು ಪರ್ಲೈಟ್ ಎಂಬ ಹಗುರ ಬಿಳಿ ಹರಳು ಹಾಕಿ ಅನ್ನುತ್ತಾರೆ. 3ರಿಂದ 5 ಮಿ.ಮೀ. ಗಾತ್ರದ್ದು ಸಿಕ್ಕರೆ ಒಳ್ಳೆಯದೇ. ಆದರೆ ಜೋರು ಮಳೆಗೆ ಅದು ತೇಲಿ ಕುಂಡದ ಬಾಯಿಗೆ ಬಂದು ಕೂರುತ್ತದೆ. ನಮ್ಮ ಕರಾವಳಿಯಲ್ಲಿ ಅದಕ್ಕಿಂತ ಚೆನ್ನಾದದ್ದು ಮನೆ ಹಿಂದೆಯೇ ಬಿದ್ದಿರುತ್ತದೆ: ಹಳೆ ಮಂಗಳೂರು ಹಂಚು. ಅದು ಸುಟ್ಟ ಜೇಡಿ, ತನ್ನೊಳಗೂ ಸ್ವಲ್ಪ ನೀರು ಹಿಡಿಯುತ್ತದೆ, ಸುತ್ತಲೂ ಗಾಳಿಗೆ ಜಾಗ ಬಿಡುತ್ತದೆ, ವರ್ಷಗಟ್ಟಲೆ ಕರಗುವುದಿಲ್ಲ. ಹಂಚನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಿರಿ. ಗೋಣಿ ಒದ್ದೆಯಿದ್ದರೆ ಪುಡಿ ಮೂಗಿಗೆ ಹೋಗುವುದಿಲ್ಲ, ಚೂರು ಕಣ್ಣಿಗೆ ಸಿಡಿಯುವುದಿಲ್ಲ. ಬಟಾಣಿ ಗಾತ್ರ ಸಾಕು. ಆಮೇಲೆ ಜರಡಿ ಹಿಡಿದು ಪುಡಿಯನ್ನು ಬೇರೆ ಮಾಡಲೇಬೇಕು. ಅನೇಕರು ಇಲ್ಲೇ ಎಡವುತ್ತಾರೆ: ಪುಡಿ ಸಮೇತ ಹಾಕಿದರೆ ಜೇಡಿಮಣ್ಣು ಹಾಕಿದಷ್ಟೇ ಆಗುತ್ತದೆ. ಹಂಚು ಸಿಗದಿದ್ದರೆ ಚಿರೆಕಲ್ಲು ಕೆತ್ತಿದಾಗ ಬೀಳುವ ಗಟ್ಟಿ ಚೂರು ಆಗುತ್ತದೆ, ಆದರೆ ಮೆದು ಚಿರೆಕಲ್ಲು ಒಂದೇ ಮಳೆಗಾಲಕ್ಕೆ ಮಣ್ಣಾಗುತ್ತದೆ.

ಎರಡನೆಯ ಸಾಮಗ್ರಿ ಭತ್ತದ ಉಮಿ. ಕುಚ್ಚಲಕ್ಕಿ ಮಿಲ್ಲಿನ ಉಮಿ ಹೆಚ್ಚು ಒಳ್ಳೆಯದು, ಭತ್ತ ಬೇಯಿಸಿರುವುದರಿಂದ ಕುಂಡದಲ್ಲಿ ಭತ್ತದ ಸಸಿ ಏಳುವುದಿಲ್ಲ. ಉಮಿ ನಿಧಾನಕ್ಕೆ ಕೊಳೆಯುತ್ತದೆ, ಎರಡು ಮಳೆಗಾಲ ತಡೆದೀತು. ಸುಟ್ಟ ಉಮಿಕರಿ, ಹಿಂದಿನವರು ಹಲ್ಲುಜ್ಜುತ್ತಿದ್ದದ್ದು, ಇನ್ನೂ ಚೆನ್ನ. ಆದರೆ ಕರ್ರಗಿರುವಾಗಲೇ ನೀರು ಹೊಯ್ದು ಆರಿಸಿರಬೇಕು. ಬೂದಿಯಾದದ್ದು ಮಣ್ಣಿನ ಸಂದು ಮುಚ್ಚುತ್ತದೆ, ಕ್ಷಾರವೂ ಹೆಚ್ಚು.

12 ಇಂಚಿನ ಒಂದು ಕುಂಡಕ್ಕೆ ಒಂದು ಲೀಟರಿನ ಮಗ್ಗಿನಲ್ಲಿ ಅಳೆದು ಹೇಳುತ್ತೇನೆ. ಚೀಲದ ಮಣ್ಣು 8 ಮಗ್ಗು, ಹಂಚಿನ ಚೂರು 4, ಉಮಿ ಅಥವಾ ಉಮಿಕರಿ 3, ಎರೆಗೊಬ್ಬರ 2. ಬೆರೆಸಿದ ಮೇಲೆ ಸ್ವಲ್ಪ ಕುಗ್ಗಿ 16 ಲೀಟರಿಗೆ ಸರಿಹೋಗುತ್ತದೆ. ಬೇವಿನ ಹಿಂಡಿ 80 ಗ್ರಾಂ, ಎಲುಬಿನ ಪುಡಿ 40 ಗ್ರಾಂ, ಡೋಲೋಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನ ಪುಡಿ) 30 ಗ್ರಾಂ. ನಾಯಿಗಳ ಕಾಟವಿದ್ದರೆ ಎಲುಬಿನ ಪುಡಿಯನ್ನು ನಡು ಮಣ್ಣಿಗೆ ಹಾಕಿ, ಮೇಲೆ ಬಿಡಬೇಡಿ. ಕೈಯಲ್ಲಿ ಹಿಡಿದರೆ ತೇವ ತಿಳಿಯುವಷ್ಟು ನೀರು ಚಿಮುಕಿಸಿ, ಗೋಣಿ ಮುಚ್ಚಿ ಹದಿನೈದು ದಿನ ನೆರಳಲ್ಲಿ ಬಿಟ್ಟು ಆಮೇಲೆ ಬಳಸಿ. ಬೇವಿನ ಹಿಂಡಿ ಬೆರೆಸಿದ ದಿನವೇ ನೆಟ್ಟರೆ ಅದು ಕೊಳೆಯುವಾಗಿನ ಬಿಸಿ ಮತ್ತು ಅಮೋನಿಯಾ ಎಳೆ ಬೇರಿಗೆ ತಾಗುತ್ತದೆ. ಕರಿಬೇವಿಗೆ ಚೀಲದ ಮಣ್ಣು ಒಂದು ಮಗ್ಗು ಕಮ್ಮಿ ಮಾಡಿ ಹಂಚು ಒಂದು ಮಗ್ಗು ಹೆಚ್ಚಿಸಿ. ಮೆಣಸಿಗೆ ಎರೆಗೊಬ್ಬರ 3 ಮಗ್ಗು.

ಡೋಲೋಮೈಟ್ ಯಾಕೆ ಅಂದರೆ, ನಮ್ಮ ಕೆಂಪುಮಣ್ಣು ಮೊದಲೇ ಹುಳಿ. ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆಯುತ್ತ ಅದನ್ನು ಇನ್ನೂ ಹುಳಿ ಮಾಡುತ್ತದೆ. ಕೋಕೋಪೀಟಿನಲ್ಲಿ ಪೊಟ್ಯಾಷಿಯಂ ಧಾರಾಳ, ಕ್ಯಾಲ್ಸಿಯಂ ಕಡಿಮೆ. ಎಲೆ ತಿನ್ನುವ ಸುಣ್ಣವನ್ನು ಇದರ ಬದಲು ಹಾಕಬೇಡಿ. ಅದು ಬೇರು ಸುಡುವಷ್ಟು ತೀಕ್ಷ್ಣ, ಗೊಬ್ಬರದ ಸಾರಜನಕವನ್ನೂ ಅಮೋನಿಯಾ ಮಾಡಿ ಹಾರಿಸಿಬಿಡುತ್ತದೆ. ಬಳಚಿನ ಚಿಪ್ಪನ್ನು ತೊಳೆದು ರವೆಯಷ್ಟು ಸಣ್ಣಗೆ ಕುಟ್ಟಿದರೆ ಆಗುತ್ತದೆ. ಕೆಲಸ ನಿಧಾನ, ಅಪಾಯವಿಲ್ಲ. ಆದರೆ ಅದರಲ್ಲಿ ಮೆಗ್ನೀಸಿಯಂ ಇರುವುದಿಲ್ಲ.

ಯಾವ ಕಂಪನಿ ಎಂಬ ಪ್ರಶ್ನೆಗೆ ಹೆಸರು ಹೇಳಿ ಪ್ರಯೋಜನವಿಲ್ಲ, ಒಂದೇ ಹೆಸರಿನ ಚೀಲ ತಿಂಗಳು ತಿಂಗಳಿಗೆ ಬೇರೆ ಇರುತ್ತದೆ. ಮೊದಲು ನೋಡುವುದು ಲೀಟರ್. ಕಿಲೋ ಲೆಕ್ಕದಲ್ಲಿ ಮಾರುವ ಮಣ್ಣಿನಲ್ಲಿ ತೂಕ ಬರುವುದೇ ಜೇಡಿ ಮತ್ತು ನೀರಿನಿಂದ. 10 ಲೀಟರ್ ಹಗುರ ಮಿಶ್ರಣ 4ರಿಂದ 5 ಕಿಲೋ ತೂಗಿದರೆ ಅಷ್ಟೇ ಅಳತೆಯ ಬರೀ ಕೆಂಪುಮಣ್ಣು 12 ಕಿಲೋ ದಾಟುತ್ತದೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ. ಬೆರಳ ಸಂದಿಯಿಂದ ನೀರು ಬಂದರೆ ನೀವು ನೀರು ಕೊಳ್ಳುತ್ತಿದ್ದೀರಿ. ಮುಷ್ಟಿ ಬಿಚ್ಚಿದ ಮೇಲೆ ಉಂಡೆ ಹಾಗೇ ನಿಂತು, ಬೆರಳು ತಾಗಿಸಿದರೆ ಉದುರಬೇಕು. ಒತ್ತಿದರೂ ಒಡೆಯದೆ ಬೆರಳಿನ ಗುರುತು ಮೂಡಿದರೆ ಜೇಡಿ ಹೆಚ್ಚು. ಕಾಡಿನ ಎಲೆಮಣ್ಣಿನ ವಾಸನೆ ಸರಿ. ಕೊಟ್ಟಿಗೆಯ ಘಾಟು, ಹುಳಿ ನಾತ ಬಂದರೆ ಗೊಬ್ಬರ ಇನ್ನೂ ಪಕ್ವವಾಗಿಲ್ಲ. ಅಲ್ಲಲ್ಲಿ ಬಿಳಿ ಬೂಷ್ಟು ಕಂಡರೆ ಹೆದರುವುದು ಬೇಡ, ಹಸಿ ಚೀಲದಲ್ಲಿ ಅದು ಸಹಜ.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಎರಡು ಲೀಟರ್ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಳಕ್ಕೆ ಐದಾರು ತೂತು ಕೊರೆದು ಹೊರಗಿನಿಂದ ಟೇಪ್ ಅಂಟಿಸಿ. ಒಂದು ಲೀಟರ್ ಮಣ್ಣು ತುಂಬಿ, ಮೇಲೆ ನೀರು ಮಿನುಗುವವರೆಗೆ ನಿಧಾನವಾಗಿ ಹೊಯ್ಯಿರಿ, ಅರ್ಧ ಗಂಟೆ ಬಿಟ್ಟು ಇಳಿದಷ್ಟು ಮತ್ತೆ ತುಂಬಿಸಿ. ಈಗ ಟೇಪ್ ಕಿತ್ತು, ಬಸಿಯುವ ನೀರನ್ನು ಪಾತ್ರೆಯಲ್ಲಿ ಹಿಡಿದು ಅಳೆಯಿರಿ. ಎಷ್ಟು ನೀರು ಹೊರಬಂತೋ ಅಷ್ಟು ಜಾಗಕ್ಕೆ ಗಾಳಿ ಒಳಹೋಗಿದೆ. 100 ಮಿ.ಲೀ.ಗಿಂತ ಕಡಿಮೆ ಬಂದರೆ ಆ ಮಣ್ಣು ನಮ್ಮ ಮಳೆಗೆ ಆಗದು, ಚೂರು ಬೆರೆಸಲೇಬೇಕು. 150ರಿಂದ 250 ಇದ್ದರೆ ಒಳ್ಳೆಯದು. 300 ದಾಟಿದರೆ ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ನೀರು ಬೇಡುತ್ತದೆ. ನೀವು ಬೆರೆಸಿದ ಮಿಶ್ರಣವನ್ನೂ ಇದೇ ಬಾಟಲಿಯಲ್ಲಿ ಅಳೆದು, ಮೇಲೆ ಹೇಳಿದ ಮಗ್ಗಿನ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಬಿಡಿ ಕೋಕೋಪೀಟ್ ಇಟ್ಟಿಗೆ ಕೊಳ್ಳುವುದಾದರೆ ಉಪ್ಪು ನೋಡಬೇಕು. ಕರಾವಳಿಯ ತೆಂಗಿನ ಸಿಪ್ಪೆ, ಅದರಲ್ಲೂ ಹಿನ್ನೀರಿನಲ್ಲಿ ನೆನೆಹಾಕಿ ನಾರು ತೆಗೆದದ್ದು, ಸೋಡಿಯಂ ತುಂಬಿಕೊಂಡಿರುತ್ತದೆ. 5 ಕಿಲೋ ಇಟ್ಟಿಗೆ ನೆನೆದು 60ರಿಂದ 75 ಲೀಟರ್ ಆಗುತ್ತದೆ. ನೆನೆದ ಪೀಟ್ ಒಂದು ಲೋಟಕ್ಕೆ ಒಂದೂವರೆ ಲೋಟ ಮಳೆನೀರು ಬೆರೆಸಿ ಒಂದು ಗಂಟೆ ಬಿಟ್ಟು ಸೋಸಿ, ಟಿಡಿಎಸ್ ಪೆನ್ನಿನಲ್ಲಿ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅಳೆಯಿರಿ. 250 ಪಿಪಿಎಂ ಒಳಗಿದ್ದರೆ ಚಿಂತೆಯಿಲ್ಲ. 500 ಮೀರಿದರೆ ಗೋಣಿಯಲ್ಲಿ ಕಟ್ಟಿ ಎರಡು ಮೂರು ಸಲ ಸಿಹಿನೀರಲ್ಲಿ ಅದ್ದಿ ಹಿಂಡಿ, ಅಥವಾ ಮಳೆಯಲ್ಲಿ ಎರಡು ದಿನ ತೂಗುಹಾಕಿ. ನಮ್ಮ ಮಳೆಯ ಉಪಕಾರ ಇಲ್ಲೊಂದಿದೆ. ಪೆನ್ ಇಲ್ಲದವರು ಆ ಪೀಟಿನಲ್ಲಿ ಹತ್ತು ಸಾಸಿವೆ ಕಾಳು ಬಿತ್ತಲಿ. ನಾಲ್ಕೈದು ದಿನದಲ್ಲಿ ಎಂಟಾದರೂ ಮೊಳೆತು ಎಲೆಯಂಚು ಸುಡದಿದ್ದರೆ ಬಳಸಬಹುದು.

ಅಕ್ಕನವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಆದರೆ ಪೂರ್ತಿ ಒಪ್ಪಲಾರೆ. ತೋಟದ ಮಣ್ಣು ತೋಟದಲ್ಲಿ ಚೆನ್ನಾಗಿರುವುದು ಅದರ ಕೆಳಗೆ ಆಳವಾದ ನೆಲ ಇರುವುದರಿಂದ, ಎರೆಹುಳು, ಬೇರು, ಬಿಲಗಳು ನೀರಿಗೆ ದಾರಿ ಮಾಡಿರುವುದರಿಂದ. ಹನ್ನೆರಡು ಇಂಚಿನ ಪ್ಲಾಸ್ಟಿಕ್‌ನಲ್ಲಿ ತುಂಬಿದರೆ ಅದೇ ಮಣ್ಣು ಒಂದೇ ಮಳೆಗೆ ಇಟ್ಟಿಗೆಯಾಗುತ್ತದೆ. ಅಡಿಕೆ ತೋಟದ್ದಾದರೆ ಕೊಳೆಯ ಫೈಟಾಪ್ತೊರಾ ಜೊತೆಗೇ ಬರಬಹುದು. ಮಣ್ಣಿನ ಬದಲು ಅವರಿಂದ ಬೇರೆ ಎರಡು ಕೇಳಿ. ಒಂದು, ದರಕು (ಒಣಗಿ ಬಿದ್ದ ಎಲೆ) ಕೊಳೆತು ಕಪ್ಪು ಪುಡಿಯಾದ ಎಲೆಗೊಬ್ಬರ, ಅವರದೇ ಸೊಪ್ಪಿನ ಬೆಟ್ಟದ್ದು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನದ್ದು. ಎರೆಗೊಬ್ಬರದ ಅರ್ಧ ಪಾಲು ಇದನ್ನು ಹಾಕಬಹುದು, ಕಣ ದಪ್ಪವಿರುವುದರಿಂದ ಗಾಳಿಯೂ ಸಿಗುತ್ತದೆ. ಇನ್ನೊಂದು ಸುಡುಮಣ್ಣು. ಮಣ್ಣು ಮತ್ತು ಕಸಕಡ್ಡಿ ಪದರ ಪದರವಾಗಿ ಒಟ್ಟಿ ಒಳಗೊಳಗೇ ಸುಟ್ಟಾಗ ಜೇಡಿ ಹರಳುಗಟ್ಟುತ್ತದೆ, ಕಳೆಬೀಜ ಸಾಯುತ್ತದೆ, ಬೂದಿಯಿಂದ ಹುಳಿ ತಗ್ಗುತ್ತದೆ. ಮುಂದೆ ಬರೀ ಕೋಕೋಪೀಟ್, ಗೊಬ್ಬರದ ಹಗುರ ಚೀಲ ಕೊಂಡರೆ ಇದನ್ನು ಕುಂಡಕ್ಕೆ 2 ಮಗ್ಗು ಸೇರಿಸಿ, ಆಗ ಡೋಲೋಮೈಟ್ ಅರ್ಧ ಮಾಡಿ. ಗಾಳಿಗೆ ಕುಂಡ ಉರುಳುವುದೂ ತಪ್ಪುತ್ತದೆ. ಅಡಿಕೆ ಸಿಪ್ಪೆ ಮಾತ್ರ ಹಸಿ ಹಾಕಬೇಡಿ, ಅದು ಕೊಳೆಯುವಾಗ ಗಿಡದ ಸಾರಜನಕ ಕಿತ್ತುಕೊಳ್ಳುತ್ತದೆ.

ನೀವು ಕೇಳದ ಒಂದು ವಿಷಯ ಇದೆ. ನರ್ಸರಿಯ ಕರಿ ಪ್ಲಾಸ್ಟಿಕ್ ತೊಟ್ಟೆಯಿಂದ ತೆಗೆದ ಗಿಡದ ಸುತ್ತ ಗಟ್ಟಿ ಕೆಂಪುಮಣ್ಣಿನ ಗಡ್ಡೆ ಇತ್ತಲ್ಲವೇ? ಅದನ್ನು ಹಾಗೇ ನೆಟ್ಟಿದ್ದರೆ, ಸುತ್ತಲಿನ ಮಣ್ಣು ಎಷ್ಟೇ ಹಗುರವಿದ್ದರೂ ಮಳೆಗಾಲದಲ್ಲಿ ನಡುಗಡ್ಡೆ ಕೆಸರು, ಬೇಸಿಗೆಯಲ್ಲಿ ಕಲ್ಲು. ಸೆಪ್ಟೆಂಬರ್‌ನಲ್ಲಿ ಕುಂಡ ಬದಲಿಸುವಾಗ ಮಲ್ಲಿಗೆ, ದಾಸವಾಳದ ಗಡ್ಡೆಯನ್ನು ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮೂರನೇ ಒಂದು ಭಾಗ ಜೇಡಿಯನ್ನು ಬೆರಳಲ್ಲಿ ಕರಗಿಸಿ ತೆಗೆಯಿರಿ. ಕರಿಬೇವಿಗೆ ಇದನ್ನು ಮಾಡಬೇಡಿ, ಬೇರಿಗೆ ಪೆಟ್ಟಾದರೆ ಅದು ಚೇತರಿಸಿಕೊಳ್ಳುವುದು ಕಷ್ಟ.

ಉಳಿದ ಅರ್ಧ ಚೀಲವನ್ನು ಬಾಯಿ ಕಟ್ಟಿ ಇಟ್ಟಿದ್ದರೆ ಬಿಚ್ಚಿ, ಮಾಡಿನಡಿ ಹರಡಿ ಮೂರು ದಿನ ಗಾಳಿಯಾಡಿಸಿ ಮತ್ತೆ ತುಂಬಿಡಿ. ಮಿಶ್ರಣಕ್ಕೆ ಅದೇ ಬೇಕಾಗುತ್ತದೆ. ಕುಂಡದಿಂದ ತೆಗೆದ ಹಳೆ ಮಣ್ಣನ್ನೂ ಎಸೆಯಬೇಡಿ: ಒಣಗಿಸಿ, 3 ಮಿ.ಮೀ. ಜರಡಿಯಲ್ಲಿ ಹಿಡಿದು, ಕೆಳಗೆ ಬಿದ್ದ ನುಣುಪನ್ನು ತೆಂಗಿನ ಬುಡಕ್ಕೆ ಹಾಕಿ, ಮೇಲುಳಿದ ದಪ್ಪವನ್ನು ಮೂರನೇ ಒಂದು ಭಾಗ ಹೊಸದರೊಡನೆ ಬೆರೆಸಿ. ಕರಿಬೇವಿನ ಕುಂಡದ ಮಣ್ಣನ್ನು ಇದಕ್ಕೆ ಸೇರಿಸದೆ ಬೇರೆ ಇಟ್ಟು, ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ತೇವ ಮಾಡಿ ಪಾರದರ್ಶಕ ಪ್ಲಾಸ್ಟಿಕ್‌ನೊಳಗೆ ಐದಾರು ವಾರ ಕಾಯಿಸಿ ಬಳಸಿ.

ಹೀಗೆ ಹದ ಮಾಡಿದ ಮಣ್ಣು ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಇದು ಅದರ ನಷ್ಟದ ಬದಿ. ಮಾರ್ಚ್‌ನಿಂದ ಮೇಲ್ಮೈಗೆ ಎರಡು ಇಂಚು ಒಣ ಎಲೆ ಹೊದಿಸಿ, ಸಂಜೆ ನೀರು ಹಾಕಿ. ಕೋಡಿಬಾಗದಲ್ಲಿ ಅಳಿವೆಗೆ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ಬೆರೆಯುವುದುಂಟು. ನಿಮ್ಮ ಬಾವಿಯದು ಚಪ್ಪೆಯೋ ಸವಳೋ ಎಂದು ಅದೇ ಟಿಡಿಎಸ್ ಪೆನ್ನಿನಲ್ಲಿ ನೋಡಿ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಲು ಶುರುವಾದರೆ ವಾರಕ್ಕೊಮ್ಮೆ ನಳದ ಸಿಹಿನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ತೊಳೆಯಿರಿ. ಬತ್ತಿಯನ್ನು ಮಾರ್ಚ್‌ನಿಂದ ಮೇವರೆಗೆ ತೆಗೆದಿಟ್ಟು, ಜೂನ್ ಮೊದಲ ವಾರ ಮತ್ತೆ ತೂರಿಸಿ.